ಹಗುರವಾದ ಬೀರು

ಕಾರ್ಮಿಕ ಕಚೇರಿಯಿಂದ ಆದೇಶದ ಕಾಗದ ಬಂದಾಗ ಹಮಾಲಿ ಕ್ರೇನ್ ನೆಲದ ಮೇಲೆ ಅಂಗಾತ ಮಲಗಿ ಚಾವಣಿಯ ಬಿರುಕು ಎಣಿಸುತ್ತಿದ್ದ. ನಾಲ್ಕು ತಿಂಗಳಿಂದ ಅವನಿಗೆ ಅದೇ ಉದ್ಯೋಗ. ಬಿರುಕು ಒಟ್ಟು ಏಳು; ಎಂಟನೆಯದು ಬಿರುಕೋ ಜೇಡರ ಬಲೆಯೋ ಎಂಬ ಬಗ್ಗೆ ಗಂಡ ಹೆಂಡತಿಗೆ ಒಮ್ಮತವಿರಲಿಲ್ಲ. ಹೆಂಡತಿ ಶಾಲಾಚೀಲ ಹೊಲಿಯುತ್ತಿದ್ದವಳು ಮೆಷಿನ್ ನಿಲ್ಲಿಸಿ, ಲಕೋಟೆ ಹರಿದು, ನಿಂತುಕೊಂಡೇ ಓದಿದಳು. ಮೊದಲ ಪುಟ ಪೂರ್ತಿ ಕಾಯ್ದೆ, ಕಲಮು, ಉಪಕಲಮು. ಎರಡನೇ ಪುಟದ ನಡುವೆ ಅವಳ ಬೆರಳು ನಿಂತಿತು.

"ರೀ, ಇದೇನಿದು? 'ಸದರಿ ಬೀರು ಹಗುರವಾಗಿತ್ತೆಂದು ಅರ್ಜಿದಾರರೇ ಹೇಳಿಕೆ ನೀಡಿರುವುದರಿಂದ, ಅದನ್ನು ಹೊತ್ತ ಕಾರಣಕ್ಕೆ ಬೆನ್ನಿಗೆ ಪೆಟ್ಟಾಯಿತೆಂಬ ಕೋರಿಕೆಯನ್ನು ತಿರಸ್ಕರಿಸಲಾಗಿದೆ.' ಹಗುರ ಅಂದೋರು ಯಾರು?"

"ಅರ್ಜಿದಾರರು" ಎಂದ ಕ್ರೇನ್, ಚಾವಣಿ ನೋಡುತ್ತ.

"ಅಂದ್ರೆ?"

"ಅಂದ್ರೆ ನಾನೇ ಕಣೆ."

ಅವಳು ಬೈಯಲಿಲ್ಲ. ಕಾಗದವನ್ನು ಮಡಿಸಿ ಅವನ ಎದೆಯ ಮೇಲಿಟ್ಟು, "ಇದೂ ಹಗುರವಾಗೇ ಇದೆ, ಹೊತ್ಕೊಂಡಿರಿ" ಎಂದು ಮೆಷಿನ್‌ಗೆ ಮರಳಿದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಕ್ರೇನ್ ಮನೆ ಸಾಮಾನು ಸಾಗಿಸುವ ಕಂಪನಿಯೊಂದರಲ್ಲಿ ಹತ್ತೊಂಬತ್ತು ವರ್ಷ ಹೊರುವ ಕೆಲಸ ಮಾಡಿದವನು. ಆ ಅಡ್ಡಹೆಸರನ್ನು ಜೊತೆಗಾರರು ಮೆಚ್ಚಿ ಕೊಟ್ಟರೆಂದು ಹೇಳಿಕೊಂಡು ತಿರುಗುತ್ತಿದ್ದ. ನಿಜ ಏನೆಂದರೆ, ಕೆಲಸಕ್ಕೆ ಸೇರಿದ ಎರಡನೇ ವಾರ ಬಟ್ಟೆ ಒಗೆಯುವ ಮೆಷಿನ್ನೊಂದನ್ನು ಒಬ್ಬನೇ ಬೆನ್ನಿಗೆ ಹಾಕಿಕೊಂಡು ಎರಡು ಮಹಡಿ ಹತ್ತಿ, ಮೇಲೆ ನಿಂತು, "ನಾನೇನು ಮನುಷ್ಯನಾ ಕ್ರೇನಾ?" ಎಂದು ತಾನೇ ಕೇಳಿದ್ದ. ಅವತ್ತಿನಿಂದ ಹೆಸರು ಅಂಟಿಕೊಂಡಿತು. ಈಗ ಆ ಕ್ರೇನು ಮಗ್ಗುಲು ಬದಲಿಸಬೇಕಾದರೆ ಮೊದಲು ಗೋಡೆ ಹಿಡಿಯಬೇಕು, ಆಮೇಲೆ ಹೆಂಡತಿಯನ್ನು ಕರೆಯಬೇಕು.

ಅವರ ತಂಡದಲ್ಲಿ ಇದ್ದವರು ಮೂವರು: ಮೇಸ್ತ್ರಿ, ಲಾರಿ ಡ್ರೈವರ್, ಕ್ರೇನ್. ಅವರಲ್ಲಿ ಒಂದು ಕಟ್ಟಳೆಯಿತ್ತು. ಕೆಲಸದ ಹೊತ್ತಿನಲ್ಲಿ 'ಭಾರ' ಎಂಬ ಮಾತು ಯಾರ ಬಾಯಿಂದ ಬಂತೋ ಅವನು ಅವತ್ತು ಎಲ್ಲರಿಗೂ ಟೀ ಕೊಡಿಸಬೇಕು. ಟೀ ದೊಡ್ಡದಲ್ಲ. ಅಂಗಡಿಯವನು ಗ್ಲಾಸು ಇಡುತ್ತ, "ಇವತ್ತು ಯಾರಿಗೆ ಭಾರ ಆಯ್ತು?" ಎಂದು ನಾಲ್ಕು ಜನರ ಮುಂದೆ ಕೇಳುತ್ತಾನಲ್ಲ, ಅದು ದೊಡ್ಡದು. ಹಾಗಾಗಿ ಫ್ರಿಜ್ಜು ಕೈ ಜಗ್ಗಿದರೆ "ಅಮ್ಮಾವ್ರು ಹಠ ಮಾಡ್ತಿದ್ದಾರೆ" ಅನ್ನುವರು. ಸೋಫಾ ಜಗ್ಗಿದರೆ "ಮಾವ ಇನ್ನೂ ಎದ್ದಿಲ್ಲ" ಅನ್ನುವರು. ಡ್ರೈವರ್ ಎರಡು ಸಲ ಟೀ ಕೊಡಿಸಿದ್ದ. ಒಂದು ಸಲ ಅವನು ಭಾರ ಅಂದದ್ದು ತನ್ನ ತಲೆಗೆ, ನೆಗಡಿಯಾಗಿತ್ತು, ಆದರೂ ಬಿಡಲಿಲ್ಲ. ಕ್ರೇನ್ ಮಾತ್ರ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಕೊಡಿಸಿರಲಿಲ್ಲ. ಇದಕ್ಕೆ ಪದಕ ಕೊಡುವ ಪದ್ಧತಿ ಇರಲಿಲ್ಲ. ಇದ್ದಿದ್ದರೆ ಅದನ್ನೂ ಒಬ್ಬನೇ ಹೊತ್ತುಕೊಂಡು ತಿರುಗುತ್ತಿದ್ದ.

ಬೆನ್ನು ಹೋದದ್ದು ಒಬ್ಬ ನಿವೃತ್ತ ಮೇಷ್ಟರ ಮನೆಯಲ್ಲಿ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಎರಡು ಬಾಗಿಲಿನ ಕಬ್ಬಿಣದ ಬೀರು. ಕೀಲಿ ಕಳೆದು ಎಷ್ಟೋ ಕಾಲವಾಗಿತ್ತು. ಒಳಗೇನಿದೆ ಎಂದರೆ ಮೇಷ್ಟರು "ಸ್ವಲ್ಪ ಪುಸ್ತಕ" ಎಂದಿದ್ದರು. ಮೇಲಿನ ಕಡೆ ಮೇಸ್ತ್ರಿ, ಕೆಳಗಿನ ಕಡೆ ಕ್ರೇನ್. ಮೆಟ್ಟಿಲಿಳಿಯುವಾಗ ತೂಕವೆಲ್ಲ ಕೆಳಗಿನವನ ಮೇಲೆ ಬರುತ್ತದೆ, ಅದಕ್ಕೇ ಕ್ರೇನ್ ಯಾವಾಗಲೂ ಕೆಳಗಿನ ಕಡೆಯನ್ನೇ ಕೇಳಿ ಪಡೆಯುತ್ತಿದ್ದ. ಎರಡನೇ ಮಹಡಿಯ ತಿರುವಿನಲ್ಲಿ ಬೀರು ಒಂದು ಕಡೆ ವಾಲಿತು, ಒಳಗಿನ ಸ್ವಲ್ಪ ಪುಸ್ತಕ ಒಟ್ಟಿಗೇ ಜಾರಿತು, ಅವನ ಸೊಂಟದ ಮೇಲೆ ಏನೋ ಟಕ್ಕೆಂದಿತು, ಬಳಪ ಮುರಿದ ಹಾಗೆ. ಮೇಲಿಂದ ಮೇಸ್ತ್ರಿ, ಹೆಂಗಿದೆ ಎಂದು ಕೇಳಿದ. ಕಣ್ಣು ಕತ್ತಲೆ ಬಂದಿತ್ತು. ಕ್ರೇನ್ ಹಲ್ಲು ಕಚ್ಚಿ "ಹಗುರ" ಎಂದ.

ಉಳಿದ ಮೆಟ್ಟಿಲನ್ನೂ ಇಳಿಸಿದ, ಲಾರಿಗೂ ಏರಿಸಿದ. ಮೇಷ್ಟರು ನೀರು ಕೊಡಲು ಬಂದರೆ ಬೇಡವೆಂದ. ಕತ್ತೆತ್ತಿ ಕುಡಿಯಲು ಆಗುತ್ತಿರಲಿಲ್ಲ. ಹೊಸ ಮನೆ ತಲುಪಿದಾಗ ಲಾರಿಯಿಂದ ಇಳಿಯಲಾಗದೆ ಕೂತುಬಿಟ್ಟ. ಬೀರು, ಮಂಚ, ಗಡಿಯಾರ ಎಲ್ಲ ಇಳಿದ ಮೇಲೆ ಕೊನೆಗೆ ಅವನನ್ನೂ ಇಳಿಸಿದರು. ಕಾಲಿನ ಕಡೆ ಹಿಡಿದಿದ್ದ ಡ್ರೈವರ್ "ಹಗುರ" ಎಂದದ್ದು ಅವನ ಕಿವಿಯಲ್ಲಿ ಇನ್ನೂ ಇದೆ.

ಆಮೇಲೆ ವಿಚಾರಣೆ. ಕೆಲಸದಲ್ಲಿ ಆದ ಪೆಟ್ಟು ಎಂದು ಕಾರ್ಮಿಕ ಕಚೇರಿ ಒಪ್ಪಿದರೆ ಚಿಕಿತ್ಸೆ, ವಾಸಿಯಾಗುವ ತನಕ ಅರ್ಧ ಸಂಬಳ, ಆಮೇಲೆ ಕಂಪನಿಯಲ್ಲೇ ಕೂತು ಮಾಡುವ ಕೆಲಸ. ಒಪ್ಪದಿದ್ದರೆ ವರ್ಷದ ಕೊನೆಗೆ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕುತ್ತಾರೆ. ಹೊರಲಾಗದ ಹಮಾಲಿಗೆ ಬೇರೆ ಯಾರೂ ಕೆಲಸ ಕೊಡುವುದಿಲ್ಲ. ಇದೆಲ್ಲ ಕ್ರೇನ್‌ಗೆ ಗೊತ್ತಿತ್ತು. ತನಿಖಾಧಿಕಾರಿ ಒಳ್ಳೆಯ ಹುಡುಗ, ನಿಧಾನವಾಗಿ ಕೇಳಿದ: ಬೀರು ಭಾರ ಇತ್ತಾ? ಬಾಗಿಲ ಬಳಿ ಸಾಕ್ಷಿಗೆಂದು ಬಂದಿದ್ದ ಮೇಸ್ತ್ರಿ ನಿಂತಿದ್ದ, ಅವನ ಹಿಂದೆ ಡ್ರೈವರ್. ಕ್ರೇನ್ ಬೆಲ್ಟು ಕಟ್ಟಿದ ಬೆನ್ನನ್ನು ಆದಷ್ಟು ಸೆಟೆಸಿ, "ಅಂಥಾದ್ದೇನಿಲ್ಲ ಸಾರ್, ಹಗುರ. ಅಂಥಾವು ದಿನಕ್ಕೆ ನಾಲ್ಕು ಹೊತ್ತಿದ್ದೀನಿ" ಎಂದ. ಹುಡುಗ ಪೆನ್ನು ನಿಲ್ಲಿಸಿ ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಅದನ್ನೇ ಹೇಳಿದ. ಬರೆದದ್ದನ್ನು ಓದಿ ಹೇಳಿದರು. ಕೆಳಗೆ ಒಂದು ಗೆರೆ, ಎರಡು ಚುಕ್ಕೆ ಸಮೇತ ಸಹಿ ಹಾಕಿದ. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವವರನ್ನು ಅವನು ನೋಡಿದ್ದ. ಕಲ್ಲು ಹಗುರವಾಗಿದೆ ಎಂದು ಬರೆದುಕೊಟ್ಟವನು ಬಹುಶಃ ತಾನೊಬ್ಬನೇ.

ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕಾರ್ಮಿಕರ ಕೇಸು ಮಾತ್ರ ನಡೆಸುವ ಲಾಯರಮ್ಮ ಒಬ್ಬರಿದ್ದರು. ಹದಿನಾರು ಮೆಟ್ಟಿಲು. ಕ್ರೇನ್ ಹತ್ತಲು ಹದಿನೈದು ನಿಮಿಷ ತೆಗೆದುಕೊಂಡ, ಹಿಂದಿನಿಂದ ಹೆಂಡತಿ ತಳ್ಳುತ್ತಿದ್ದಳು. ಲಾಯರಮ್ಮ ಆದೇಶ ಓದಿ, ಕನ್ನಡಕ ತೆಗೆದಿಟ್ಟರು. ಕಂಪನಿ ವಕೀಲನಿಗೆ ಇನ್ನು ವಾದ ಮಾಡುವ ಕೆಲಸವೇ ಇಲ್ಲ, ನಿಮ್ಮ ಮನೆಯವರೇ ಎಲ್ಲ ಮಾಡಿಕೊಟ್ಟಿದ್ದಾರೆ ಎಂದು ಹೆಂಡತಿಗೆ ಹೇಳಿದರು, ಕ್ರೇನ್ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ಆಮೇಲೆ ದಾರಿ ವಿವರಿಸಿದರು. ಮೊದಲು ಮರುಪರಿಶೀಲನೆಗೆ ಅರ್ಜಿ. ಅದು ಅದೇ ಅಧಿಕಾರಿಯ ಮುಂದೆ ಹೋಗುತ್ತದೆ. ಅಲ್ಲಿ ಆಗದಿದ್ದರೆ ಮೇಲ್ಮನವಿ, ಬೇರೆ ಅಧಿಕಾರಿ.

ಮರುಪರಿಶೀಲನೆ ಒಂದೂವರೆ ತಿಂಗಳು ನಡೆದು, ಒಂದೇ ಸಾಲಿನಲ್ಲಿ ಮುಗಿಯಿತು: ಹೊಸ ಸಂಗತಿ ಏನೂ ಇಲ್ಲ. ಅಷ್ಟು ಹೊತ್ತಿಗೆ ಚಾವಣಿಯ ಎಂಟನೆಯದು ಬಿರುಕೇ ಎಂದು ತೀರ್ಮಾನವಾಗಿತ್ತು, ನೀರು ತೊಟ್ಟಿಕ್ಕತೊಡಗಿತ್ತು.

ಮೇಲ್ಮನವಿಯ ದಿನ ಗೊತ್ತಾದ ಮೇಲೆ ಹೆಂಡತಿ ಅವನಿಗೆ ಪಾಠ ಶುರುಮಾಡಿದಳು. ಪ್ರಶ್ನೆ ಒಂದೇ, ಉತ್ತರವೂ ಒಂದೇ. ಬೀರು ಹೆಂಗಿತ್ತು? ಅವನು ಬಾಯಿ ತೆರೆಯುತ್ತಿದ್ದ, ನಾಲಿಗೆ ಹೊರಳುತ್ತಿರಲಿಲ್ಲ. ಸ್ವಲ್ಪ ಜಾಸ್ತಿ ಇತ್ತು ಅನ್ನುವನು. ಗಟ್ಟಿ ಆಸಾಮಿ ಅನ್ನುವನು. ಒಂದು ಸಂಜೆ ಅವಳು ಉಪಾಯ ಬದಲಿಸಿ, ತನ್ನ ಹೊಲಿಗೆ ಮೆಷಿನ್ ತೋರಿಸಿ, ಇದು ಭಾರವೋ ಹಗುರವೋ ಎಂದು ಕೇಳಿದಳು.

"ಇದಾ? ಒಂದು ಕೈಲಿ ಎತ್ತಿ..."

ಎದ್ದು ತೋರಿಸಲು ಹೋದವನು ಅರ್ಧಕ್ಕೆ ನಿಂತ. ಅವಳು ಅವನನ್ನು ಮತ್ತೆ ಮಲಗಿಸಿ, ದಿಂಬು ಸರಿಮಾಡಿ, "ನಿಮಗೆ ಬೆನ್ನು ಕೆಟ್ಟಿದ್ದಲ್ಲ, ತಲೆ. ಡಾಕ್ಟರು ತಪ್ಪು ಜಾಗದ ಫೋಟೊ ತೆಗ್ಸಿದ್ದಾರೆ" ಎಂದಳು. ಅವನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಮೇಸ್ತ್ರಿ ಸಾಕ್ಷಿ ಹೇಳಬೇಕಿತ್ತು. ಅವನು ಈಗಲೂ ಅದೇ ಕಂಪನಿಯಲ್ಲಿದ್ದ, ನಿವೃತ್ತಿಗೆ ಎರಡು ವರ್ಷ. ಒಂದು ದಿನ ಮನೆಗೆ ಬಂದವನು ಕೂರಲಿಲ್ಲ, ಬಾಗಿಲಲ್ಲೇ ನಿಂತು ಕಾಲಿನಿಂದ ಹೊಸ್ತಿಲು ತಿಕ್ಕುತ್ತ, ಬರ್ತೀನಿ ಎಂದ. ಏನು ಹೇಳುತ್ತೀರಿ ಎಂದು ಕ್ರೇನ್ ಕೇಳಿದಾಗ, ಅವರು ಕೇಳಿದ್ದಕ್ಕೆ ಹೇಳ್ತೀನಿ ಎಂದ. ಹಗುರ ಅನ್ನುತ್ತಾನೋ ಹೇಗೋ ಎಂಬ ಭಯ ಅವತ್ತಿನಿಂದ ಕ್ರೇನ್‌ನನ್ನು ಕಾಡಿತು. ಮೇಸ್ತ್ರಿಯ ಜಾಗದಲ್ಲಿ ತಾನಿದ್ದಿದ್ದರೆ ಖಂಡಿತ ಹಾಗೇ ಅನ್ನುತ್ತಿದ್ದ.

ಮೇಲ್ಮನವಿಯ ಕೋಣೆ ಚಿಕ್ಕದು. ಕಡತ ತುಂಬಿದ ಕಪಾಟು, ಅದರ ಒಂದು ಕಾಲಿನ ಕೆಳಗೆ ಮಡಿಸಿದ ರಟ್ಟು. ಒಳಗೆ ಬಂದ ಕೂಡಲೆ ಕ್ರೇನ್‌ನ ಕಣ್ಣು ಅದರ ಮೇಲೇ ಹೋಯಿತು: ಇಬ್ಬರು ಸಾಕು, ಹೊರುವ ಪಟ್ಟಿಯೂ ಬೇಡ. ಆಮೇಲೆ ತನ್ನ ಬುದ್ಧಿಗೆ ತಾನೇ ಉಗಿದುಕೊಂಡು, ಹೆಂಡತಿ ಹೊಲಿದುಕೊಟ್ಟ ಮೆತ್ತೆಯನ್ನು ಕುರ್ಚಿಯ ಮೇಲೆ ಹಾಕಿ ಕೂತ. ಅಧಿಕಾರಿ ವಯಸ್ಸಾದವರು. ಕಂಪನಿಯ ವಕೀಲ ಹಳೆಯ ಹೇಳಿಕೆಯನ್ನು ಗಟ್ಟಿಯಾಗಿ ಓದಿದ. 'ದಿನಕ್ಕೆ ನಾಲ್ಕು' ಎಂಬಲ್ಲಿ ದನಿ ಏರಿಸಿದ. ಗೆರೆ, ಚುಕ್ಕೆ ಸಮೇತ ಸಹಿಯನ್ನೂ ತೋರಿಸಿದ.

ಅಧಿಕಾರಿ ಕ್ರೇನ್ ಕಡೆ ತಿರುಗಿದರು. "ನೀವೇ ಹೇಳಿ. ಬೀರು ಭಾರ ಇತ್ತೋ, ಹಗುರ ಇತ್ತೋ?"

ಹಿಂದಿನ ಬೆಂಚಿನಲ್ಲಿ ಮೇಸ್ತ್ರಿ, ಡ್ರೈವರ್ ಕೂತಿದ್ದರು. ತಿರುಗಿ ನೋಡಲು ಬೆನ್ನು ಬಿಡುತ್ತಿರಲಿಲ್ಲ, ಆದರೂ ಅವರ ಉಸಿರು ಕೇಳುತ್ತಿತ್ತು. ಆರು ವಾರದ ಪಾಠ ಕೆಲಸಕ್ಕೆ ಬರಲಿಲ್ಲ.

"ಸಾರ್, ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ" ಎಂದ.

ಲಾಯರಮ್ಮ ಹಣೆ ಒತ್ತಿಕೊಂಡು, ಕ್ರೇನ್‌ನನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಮೇಸ್ತ್ರಿಯನ್ನು ಕರೆದರು. ಈ ಮನುಷ್ಯನಿಗೆ ಆ ಮಾತು ಯಾಕೆ ಬಾಯಿಗೆ ಬರುವುದಿಲ್ಲ ಎಂದು ಕೇಳಿದರು. ಮೇಸ್ತ್ರಿ ಟೀ ಕಟ್ಟಳೆ ಹೇಳಿದ. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳತೊಡಗಿದರು. ಅಮ್ಮಾವ್ರ ಹಠದ ವಿಷಯ ಬಂದಾಗ ಟೈಪ್ ಮಾಡುವವನಿಗೆ ನಗು ತಡೆಯಲಾಗಲಿಲ್ಲ. ಇದು ನೀವು ನೀವೇ ಮಾಡಿಕೊಂಡದ್ದಾ ಎಂದು ಲಾಯರಮ್ಮ ಕೇಳಿದರು.

ಮೇಸ್ತ್ರಿ ತಲೆಯಾಡಿಸಿದ. "ಇಲ್ಲಮ್ಮ. ಹಳೇ ಯಜಮಾನ್ರು ಮಾಡಿದ್ದು. ನಾನು ಸೇರಿದ ಹೊಸದ್ರಲ್ಲಿ. ಮುಂಚೆ ಒಂದು ಬೀರುಗೆ ನಾಲ್ಕು ಜನ ಹೋಗ್ತಿದ್ವಿ. ಭಾರ ಇದೆ, ಇನ್ನೊಬ್ಬನ್ನ ಕಳ್ಸಿ ಅಂತ ದಿನಾ ಫೋನು. ಒಂದಿನ ಯಜಮಾನ್ರು ಬಂದು, ಇನ್ಮೇಲೆ ಭಾರ ಅಂದೋನು ಟೀ ಕೊಡಿಸ್ಬೇಕು ಅಂತ ನಗ್ತಾ ಹೇಳಿದ್ರು. ಮೊದಲ್ನೇ ದಿನದ ಟೀ ಅವರೇ ಕೊಡಿಸಿದ್ರು. ಒಂದು ವರ್ಷಕ್ಕೆ ನಾಲ್ಕು ಜನ ಇದ್ದದ್ದು ಇಬ್ಬರಾದ್ವಿ. ಯಾರೂ ಫೋನು ಮಾಡ್ಲಿಲ್ಲ."

ಕ್ರೇನ್‌ಗೆ ಇದು ಗೊತ್ತಿರಲಿಲ್ಲ. ತನ್ನ ಪೌರುಷ ಎಂದು ಹತ್ತೊಂಬತ್ತು ವರ್ಷ ಎದೆ ಉಬ್ಬಿಸಿ ತಿರುಗಿದ್ದು ಇದನ್ನೇ. ಯಜಮಾನ ಒಂದು ಸುತ್ತು ಟೀ ಕೊಡಿಸಿ ಇಬ್ಬರು ಆಳಿನ ಕೂಲಿ ಉಳಿಸಿಕೊಂಡ. ಆ ಇಬ್ಬರ ಕೆಲಸವನ್ನು ತಾನು ಕೆಳಗಿನ ಕಡೆ ಕೇಳಿ ಪಡೆದು ಹೊತ್ತ. ಸಿಟ್ಟು ಬರಬೇಕಿತ್ತು. ಬಂದದ್ದು ನಗು, ನಕ್ಕರೆ ಬೆನ್ನು ಹಿಡಿಯುತ್ತದೆ ಎಂದು ಅದನ್ನೂ ನುಂಗಿದ. ನುಂಗಿದ್ದು ಮಾತಾಗಿ ಹೊರಬಿತ್ತು.

"ಭಾರ ಇತ್ತು ಸಾರ್" ಎಂದ, ಯಾರೂ ಕೇಳದೆಯೇ. ಟೈಪ್ ಮಾಡುವವನ ಕೈ ಓಡಿತು. ಅಲ್ಲಿಗೆ ನಿಲ್ಲಿಸಿದ್ದರೆ ಅವನು ಕ್ರೇನ್ ಆಗುತ್ತಿರಲಿಲ್ಲ. "ಆ ಬೀರು ಒಂದೇ ಅಲ್ಲ ಸಾರ್. ಹತ್ತೊಂಬತ್ತು ವರ್ಷ ಹೊತ್ತಿದ್ದೆಲ್ಲ ಭಾರ. ಆ ಬಟ್ಟೆ ಮೆಷಿನ್ನಿಂದ ಹಿಡ್ದು. ಅವತ್ತೇ ನನ್ನ ಬೆನ್ನು ಅರ್ಧ ಹೋಗಿತ್ತು."

ಲಾಯರಮ್ಮ ಕಣ್ಣು ಮುಚ್ಚಿಕೊಂಡರು. ಕಂಪನಿ ವಕೀಲ ಎದ್ದುನಿಂತ. ಅರ್ಜಿದಾರರ ಬೆನ್ನು ಹತ್ತೊಂಬತ್ತು ವರ್ಷದ ಹಿಂದೆಯೇ ಹೋಗಿತ್ತು ಎಂದು ಅವರೇ ಒಪ್ಪಿಕೊಂಡಿದ್ದಾರೆ, ಹಾಗಿದ್ದರೆ ಮೇಷ್ಟರ ಬೀರಿನಿಂದ ಆದದ್ದೇನು ಎಂದು ಕೇಳಿದ. ಕ್ರೇನ್ ಬಾಯಿ ಮುಚ್ಚಿದ, ತಡವಾಗಿ. ಹಗುರ ಎಂದು ಒಂದು ಸಲ ಕೆಟ್ಟಿದ್ದ, ಭಾರ ಎಂದು ಇನ್ನೊಂದು ಸಲ. ಎರಡು ದಿಕ್ಕಿನಲ್ಲೂ ಜಂಬ ಕೊಚ್ಚಿಕೊಳ್ಳಲು ಬರುತ್ತದೆ ತನಗೆ ಎಂದು ಅವನಿಗೆ ಅವತ್ತೇ ತಿಳಿದದ್ದು.

ಲಾಯರಮ್ಮ ಬೇಗ ಚೇತರಿಸಿಕೊಂಡರು. ಹತ್ತೊಂಬತ್ತು ವರ್ಷವೂ ಇದೇ ಕಂಪನಿಯ ಭಾರವೇ ಅಲ್ಲವೇ ಎಂದು ತಿರುಗಿ ಕೇಳಿದರು. ಮಾತು ಅತ್ತ ಇತ್ತ ಹೋಯಿತು. ಕೊನೆಗೆ ಅಧಿಕಾರಿ, ಬಾಯಿಮಾತು ಸಾಕು, ಆ ಬೀರನ್ನು ಯಾರಾದರೂ ತೂಗಿದ್ದೀರಾ ಎಂದರು. ಯಾರೂ ತೂಗಿರಲಿಲ್ಲ. ಏಳು ತಿಂಗಳು, ಮೂರು ಕಡತ, ಇಬ್ಬರು ವಕೀಲರು. ಬೀರನ್ನು ತಕ್ಕಡಿಗೆ ಇಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹಳೆಯ ಆದೇಶ ರದ್ದಾಯಿತು. ಬೀರು ತೂಗಿಸಿ, ಮೆಟ್ಟಿಲು ನೋಡಿ, ಮತ್ತೆ ಮೊದಲಿಂದ ತೀರ್ಮಾನಿಸಬೇಕೆಂದು ಪ್ರಕರಣ ಅದೇ ತನಿಖಾಧಿಕಾರಿಗೆ ವಾಪಸು ಹೋಯಿತು.

ತೂಕದ ದಿನ ಮೇಷ್ಟರ ಹೊಸ ಮನೆಯ ಮುಂದೆ ಸಣ್ಣ ಜಾತ್ರೆಯಷ್ಟು ಜನ. ಬೀರು ಮೊದಲ ಮಹಡಿಯಲ್ಲಿತ್ತು, ಕೀಲಿ ಇನ್ನೂ ಸಿಕ್ಕಿರಲಿಲ್ಲ, ಒಳಗಿದ್ದದ್ದು ಒಳಗೇ ಇತ್ತು. ರಸ್ತೆಯ ಕೊನೆಯ ಗುಜರಿ ಅಂಗಡಿಯಲ್ಲಿ ತೂಕದ ಕಟ್ಟೆ. ಸರ್ಕಾರದವರ ಮುಂದೆ ಏನೂ ಹೆಚ್ಚುಕಮ್ಮಿ ಆಗದಿರಲೆಂದು ಕಂಪನಿ ಮೇಸ್ತ್ರಿ, ಡ್ರೈವರ್ ಸೇರಿ ನಾಲ್ಕು ಆಳು ಕಳಿಸಿತ್ತು. ತನಿಖಾಧಿಕಾರಿ ಪುಸ್ತಕ ತೆಗೆದು ತಲೆ ಎಣಿಸಿದ್ದನ್ನು ನೋಡಿ ಕಂಪನಿಯ ಸೂಪರ್‌ವೈಸರ್‌ಗೆ ಎಚ್ಚರವಾಯಿತು. ಇಬ್ಬರು ಸಾಕು, ಮಿಕ್ಕವರು ಲಾರಿ ಹತ್ತಿ ಎಂದ.

ಮೇಸ್ತ್ರಿ ಆಗಲೇ ಮೇಲಿನ ಕಡೆ ಹಿಡಿದಿದ್ದ. ಬೀರನ್ನು ಮೆಲ್ಲಗೆ ನೆಲಕ್ಕಿಳಿಸಿದ.

"ಭಾರ ಇದೆ. ನಾಲ್ಕು ಜನ ಬೇಕು."

ದೊಡ್ಡ ದನಿಯಲ್ಲಿ ಹೇಳಲಿಲ್ಲ. ಸೂಪರ್‌ವೈಸರ್ ಇನ್ನೇನೋ ಹೇಳಲು ಹೋದ, ಡ್ರೈವರ್ ಪಟ್ಟಿ ಹೆಗಲಿಗೆ ಹಾಕಿಕೊಂಡು ಮೇಸ್ತ್ರಿಯ ಪಕ್ಕ ನಿಂತ. ಮಿಕ್ಕ ಇಬ್ಬರೂ ಲಾರಿ ಹತ್ತಲಿಲ್ಲ. ಕ್ರೇನ್ ಕೆಳಗೆ ಗೋಡೆಗೊರಗಿ ನಿಂತಿದ್ದ. ನಾಲ್ವರು ಮೆಟ್ಟಿಲಿಳಿಯುವುದನ್ನು ಕೈಕಟ್ಟಿ ನೋಡಿದ್ದು ಅವನ ಜೀವನದಲ್ಲಿ ಅದೇ ಮೊದಲು. ತಿರುವಿನಲ್ಲಿ ಅವನ ಕೈ ತಾನೇ ಮುಂದೆ ಹೋಯಿತು. ಹೆಂಡತಿ ಅಂಗಿ ಹಿಡಿದು ಹಿಂದಕ್ಕೆಳೆದಳು.

ನೂರ ತೊಂಬತ್ತೆರಡು ಕಿಲೋ. ಗುಜರಿಯವನು, ಕಬ್ಬಿಣ ಮಾತ್ರ ಆಗಿದ್ದರೆ ಇದರ ಅರ್ಧವೂ ಬರುತ್ತಿರಲಿಲ್ಲ ಎಂದ. ಮೇಷ್ಟರು, ಸ್ವಲ್ಪ ಪುಸ್ತಕ ಅಂತ ಹೇಳಿದ್ದೆನಲ್ಲ ಎಂದರು.

ತನಿಖಾಧಿಕಾರಿ ಅಂಕಿ ಬರೆದು, ಹೇಳಿಕೆಯ ಹಾಳೆ ತೆಗೆದು, ಅದೇ ಪ್ರಶ್ನೆ ಕೇಳಿದ. ಒಂದೇ ಮಾತು ಹೇಳಬೇಕು, ಎರಡನೆಯದು ಹೇಳಿದರೆ ತಾನು ಕೇಸು ಬಿಡುವೆನೆಂದು ಲಾಯರಮ್ಮ ಎಚ್ಚರಿಸಿದ್ದರು.

"ಭಾರ" ಎಂದ ಕ್ರೇನ್.

ಹುಡುಗ ಪೆನ್ನು ಹಿಡಿದು ಮುಂದಿನ ಮಾತಿಗೆ ಕಾದ. ಕ್ರೇನ್ ತುಟಿ ಕಚ್ಚಿ ಹಿಡಿದ. ಆ ಬೀರಿಗಿಂತ ಆ ಅರ್ಧ ನಿಮಿಷವೇ ತೂಗಿತು. ಸಹಿಯನ್ನೂ ಬರಿದಾಗಿ ಹಾಕಿದ, ಗೆರೆಯಿಲ್ಲ, ಚುಕ್ಕೆಯಿಲ್ಲ.

ಟೀ ಅಂಗಡಿಯವನು ಗ್ಲಾಸು ಜೋಡಿಸುತ್ತ ಎಂದಿನಂತೆ ಕೇಳಿದ. ನನಗೆ ಎಂದ ಮೇಸ್ತ್ರಿ. ನನಗೂ ಎಂದ ಕ್ರೇನ್. ಇಬ್ಬರೂ ಕೊಡಿಸಿದ್ದರಿಂದ ಎಲ್ಲರೂ ಎರಡೆರಡು ಗ್ಲಾಸು ಕುಡಿಯಬೇಕಾಯಿತು. ಕಂಪನಿ ವಕೀಲ ಒಂದೇ ದಿನ ಆ ಮಾತನ್ನು ಹನ್ನೊಂದು ಸಲ ಅಂದಿದ್ದ, ತಾನು ಎಣಿಸಿದ್ದೆ, ಅವನದು ಇನ್ನೂ ಬಾಕಿ ಎಂದು ಡ್ರೈವರ್ ನೆನಪಿಸಿದ.

ಆದೇಶ ಮೂರು ವಾರಕ್ಕೆ ಬಂತು. ಕೆಲಸದಲ್ಲಿ ಆದ ಪೆಟ್ಟು ಎಂದು ಒಪ್ಪಿದ್ದರು. ಹೆಂಡತಿ ಎರಡು ಸಲ ಓದಿ, ಮಡಿಸಿ, ಈ ಸಲ ಎದೆಯ ಮೇಲಿಡದೆ ಮೆಷಿನ್ನಿನ ಡ್ರಾಯರಿಗೆ ಹಾಕಿ ಬೀಗ ಹಾಕಿದಳು. ಕೀಲಿ ಅವನ ಕೈಗೆ ಕೊಡಲಿಲ್ಲ.

ವರ್ಷದ ಕೊನೆಗೆ ಕ್ರೇನ್ ಕಂಪನಿಯ ಮುಂದಿನ ಕೋಣೆಯಲ್ಲಿ ಬೆನ್ನಿಗೆ ಮೆತ್ತೆ ಇಟ್ಟುಕೊಂಡು ಫೋನಿನ ಮುಂದೆ ಕೂತ. ಗಿರಾಕಿ ಏನೇನು ಸಾಮಾನು ಹೇಳುತ್ತಾರೋ ಕೇಳಿ, ಎಷ್ಟು ಆಳು ಬೇಕೆಂದು ಚೀಟಿ ಬರೆಯುವುದು ಅವನ ಕೆಲಸ. ಮೊದಲ ದಿನ ಮೊದಲ ಫೋನು ಒಬ್ಬ ಹೆಂಗಸಿನದು. ಮಂಚ, ಮೇಜು, ಒಂದು ಬೀರು ಎಂದಳು. ಬೀರಿನ ಕೀಲಿ ಇದೆಯಾ ಎಂದು ಕ್ರೇನ್ ಕೇಳಿದ. ಇದೆ, ಆದರೆ ಖಾಲಿ ಮಾಡೋಕೆ ಪುರುಸೊತ್ತಿಲ್ಲ, ಬೀರೇನೋ ಹಗುರವಾಗೇ ಇದೆ ಎಂದಳು.

ಕ್ರೇನ್ ಚೀಟಿಯಲ್ಲಿ 'ನಾಲ್ಕು ಜನ' ಎಂದು ಬರೆದ. ಸ್ವಲ್ಪ ಯೋಚಿಸಿ, ಕೆಳಗೊಂದು ಗೆರೆ ಎಳೆದ.